ಶಮಾಲ್ ರಸ್ತೆಯ ಮಂಜಿನಲ್ಲಿ ನಾಲ್ಕು ದೀಪ

ವಿಡಿಯೋದ ಮೂಲೆಯಲ್ಲಿ ಬೆಳಗಿನ ಐದು ನಲವತ್ತೊಂದು ಎಂದಿತ್ತು. ಅದನ್ನು ನಾನು ನಂಬುತ್ತೇನೆ. ಉಳಿದದ್ದು ಬರೆಯಲು ಕೂತಾಗಲೆಲ್ಲ ಸ್ವಲ್ಪ ಸ್ವಲ್ಪ ಬದಲಾಗುತ್ತದೆ. ಸುದ್ದಿ ಬಂದಾಗ ನಾನು ಒಂದು ಸಲ ಅಡಿಗೆಮನೆಯಲ್ಲಿರುತ್ತೇನೆ, ಇನ್ನೊಂದು ಸಲ ಕಾರಿನಲ್ಲಿ. ಫೋನಿನ ಪ್ರಕಾರ ಬಸ್ಸುಗಳನ್ನು ಹೊರಡಿಸುವ ಡಿಸ್ಪ್ಯಾಚರ್ ಕರೆ ಮಾಡಿದ್ದು ಐದು ಐವತ್ತೆಂಟಕ್ಕೆ. ಆ ಹೊತ್ತಿಗೆ ನಾನು ದೋಹಾದ ಮದೀನತ್ ಖಲೀಫಾ ಬಡಾವಣೆಯ ಮನೆ ಬಿಟ್ಟಿರುವುದಿಲ್ಲ. ಹಾಗಾದರೆ ಅಡಿಗೆಮನೆಯೇ ಇರಬೇಕು. ಕಾರು ಎಲ್ಲಿಂದ ಬಂತೋ ಗೊತ್ತಿಲ್ಲ.

ಕೆಲಸಗಾರರನ್ನು ಕ್ಯಾಂಪಿನಿಂದ ಸೈಟಿಗೆ ಒಯ್ಯುವ ಬಸ್ಸುಗಳ ಕಂಪನಿಯೊಂದರಲ್ಲಿ ಸುರಕ್ಷತೆಯ ವಿಭಾಗ ನನ್ನದು. ಡ್ರೈವರುಗಳಿಗೆ ತರಬೇತಿ ಕೊಡುವುದು, ಅಪಘಾತವಾದರೆ ವರದಿ ಬರೆಯುವುದು, ಎರಡೂ ನಾನೇ. ಈ ಎರಡು ಕೆಲಸ ಒಬ್ಬರ ಕೈಯಲ್ಲಿ ಇರಬಾರದು ಎಂದು ಅಂದಿನವರೆಗೆ ನನಗೆ ಹೊಳೆದಿರಲಿಲ್ಲ.

ಡಿಸ್ಪ್ಯಾಚರ್ ಹೇಳಿದ್ದು ಇಷ್ಟು: ಉತ್ತರದ ಅಲ್ ಶಮಾಲ್ ಕಡೆಗೆ ಹೋಗುತ್ತಿದ್ದ ನಮ್ಮ ಬಸ್ಸು ಹೆದ್ದಾರಿಯ ಪಕ್ಕದ ಸರ್ವಿಸ್ ರಸ್ತೆಯಲ್ಲಿ ಒಬ್ಬ ಪಾದಚಾರಿಗೆ ಬಡಿದಿದೆ. ಮನುಷ್ಯ ಸ್ಥಳದಲ್ಲೇ ತೀರಿಕೊಂಡಿದ್ದಾನೆ. ಬಸ್ಸಿನೊಳಗಿನ ಮೂವತ್ತೆಂಟು ಮಂದಿಗೆ ಏನೂ ಆಗಿಲ್ಲ. ಡ್ರೈವರನ್ನು ಪೊಲೀಸರು ಕರೆದುಕೊಂಡು ಹೋಗಿದ್ದಾರೆ. ಮಂಜು ಉಂಟು.

ನಾನು ತಲುಪುವ ಹೊತ್ತಿಗೆ ಏಳಾಗಿತ್ತು, ಮಂಜು ಹಾಗೆಯೇ ಇತ್ತು. ಇಲ್ಲಿಯ ಚಳಿಗಾಲದ ಮಂಜು ಮೇಲಿನಿಂದ ಇಳಿಯುವುದಿಲ್ಲ, ಮರಳಿನಿಂದ ಏಳುತ್ತದೆ. ಪೊಲೀಸ್ ಗಾಡಿಯ ದೀಪ ಮೊದಲು ಕಂಡಿತು, ಎಷ್ಟೋ ಹೊತ್ತಿನ ಮೇಲೆ ಗಾಡಿ. ನಿಯಮದ ಪ್ರಕಾರ ಮಾಡಬೇಕಾದ್ದನ್ನು ಮಾಡಿದೆ. ಟಯರಿನ ಗುರುತು ಅಳೆದೆ, ರಸ್ತೆಯ ಅಗಲ ಅಳೆದೆ, ಬಸ್ಸಿನ ರೆಕಾರ್ಡರಿನ ಕಾರ್ಡನ್ನು ಪೊಲೀಸರ ಎದುರೇ ತೆಗೆದು ನನ್ನ ಲ್ಯಾಪ್‌ಟಾಪಿಗೆ ಒಂದು ಪ್ರತಿ ಮಾಡಿಕೊಂಡು ಮೂಲವನ್ನು ಅವರಿಗೆ ಕೊಟ್ಟು ಸಹಿ ತೆಗೆದುಕೊಂಡೆ. ರಸ್ತೆಯ ಬದಿಯಲ್ಲಿ ಟವೆಲಿನಲ್ಲಿ ಗಂಟು ಕಟ್ಟಿದ ಟಿಫಿನ್ ಡಬ್ಬಿ ಇತ್ತು. ಅದು ಮುಚ್ಚಿಯೇ ಇತ್ತು, ಚೆಲ್ಲಿರಲಿಲ್ಲ.

ಆಫೀಸಿಗೆ ಬಂದು ವಿಡಿಯೋ ನೋಡಿದೆ. ಸೆಕೆಂಡಿಗೆ ಹನ್ನೆರಡು ಚಿತ್ರ, ಧ್ವನಿ ಇಲ್ಲ. ಬಸ್ಸಿನ ನಾಲ್ಕೂ ಇಂಡಿಕೇಟರು ಒಟ್ಟಿಗೆ ಮಿನುಗುತ್ತಿದ್ದವು, ಅದಕ್ಕೆ ಎದುರಿನ ಮಂಜು ಕಿತ್ತಳೆಯಾಗುತ್ತಿತ್ತು, ಬೂದಿಯಾಗುತ್ತಿತ್ತು. ಒಂದು ಕಿತ್ತಳೆಯಲ್ಲಿ ಎಡಬದಿಗೆ ಏನೋ ನೆಟ್ಟಗೆ ನಿಂತದ್ದು, ಕಂಬವೂ ಆಗಬಹುದು. ಬೂದಿಯಲ್ಲಿ ಅದಿಲ್ಲ. ಮುಂದಿನ ಕಿತ್ತಳೆಯಲ್ಲಿ ಅದು ರಸ್ತೆಯೊಳಗೆ ಇದೆ. ಮತ್ತೆ ಇಲ್ಲ. ಮೂರನೆಯ ಮಿನುಗಿನಲ್ಲಿ ಅದಕ್ಕೆ ಮುಖ ಇದೆ. ಅವನು ಓಡುತ್ತಿಲ್ಲ, ಗಾಬರಿಯೂ ಇಲ್ಲ. ಬಸ್ಸಿನ ಬಾಗಿಲಿನ ಕಡೆಗೆ, ಹತ್ತಲು ಬರುವವನ ಹಾಗೆ ಬರುತ್ತಿದ್ದಾನೆ.

ಅಲ್ಲಿಗೇ ನಿಲ್ಲಿಸುತ್ತಿದ್ದೆ. ಪೂರ್ತಿ ನೋಡಲೇಬೇಕೆಂದು ನಿಯಮವಿರುವುದರಿಂದ ಮೂರನೆಯ ಸಲ ಕೊನೆಯವರೆಗೆ ನೋಡಿದೆ. ನಿಂತ ಬಸ್ಸಿನ ಹಿಂದಿನ ಕ್ಯಾಮೆರಾದಲ್ಲಿ, ನಾಲ್ಕು ನಿಮಿಷದ ನಂತರ, ಮಂಜಿನೊಳಗೆ ಇನ್ನೊಂದು ಜೋಡಿ ಕಿತ್ತಳೆ ದೀಪ ಬಂದು ನಿಂತಿತು. ಬೇರೆ ಯಾವುದೋ ಬಸ್ಸು. ಒಂದು ನಿಮಿಷ ಮಿನುಗುತ್ತ ನಿಂತಿತು. ಯಾರೂ ಇಳಿಯಲಿಲ್ಲ, ಯಾರೂ ಹತ್ತಲಿಲ್ಲ. ಆಮೇಲೆ ದೀಪ ಆರಿಸಿ, ನಮ್ಮ ಬಸ್ಸನ್ನು ಬಳಸಿಕೊಂಡು ಮುಂದೆ ಹೋಯಿತು.

ವೇಗ ಐವತ್ತೆರಡು. ಆ ರಸ್ತೆಯ ಮಿತಿ ಎಂಬತ್ತು. ಬ್ರೇಕು ಬಿದ್ದದ್ದು ಡಿಕ್ಕಿಗೆ ಅರ್ಧ ಸೆಕೆಂಡು ಮುಂಚೆ. ಡ್ರೈವರು ಆಗಷ್ಟೇ ನೋಡಿದ್ದಾರೆ ಎಂದು ಬರೆದುಕೊಂಡೆ.

ನಮ್ಮ ಲಿಖಿತ ನಿಯಮ ಬೇರೆಯೇ ಹೇಳುತ್ತದೆ. ಮಂಜು ದಟ್ಟವಾಗಿದ್ದರೆ ರಸ್ತೆಯಿಂದ ಹೊರಗೆ ನಿಲ್ಲಿಸಬೇಕು. ನಿಲ್ಲಿಸಿದ ಮೇಲೆ ಮಾತ್ರ ನಾಲ್ಕೂ ಇಂಡಿಕೇಟರು ಹಾಕಬೇಕು. ಓಡುತ್ತಿರುವ ಗಾಡಿಯಲ್ಲಿ ಅವನ್ನು ಹಾಕಿದರೆ ನಿಂತ ಗಾಡಿಯಂತೆ ಕಾಣುತ್ತದೆ. ಈ ನಿಯಮವನ್ನು ಹಿಂದಿಯಲ್ಲಿ ಎಲ್ಲ ಡ್ರೈವರುಗಳ ವಾಟ್ಸ್ಯಾಪ್ ಗುಂಪಿಗೆ ಧ್ವನಿ ಸಂದೇಶವಾಗಿ ಕಳಿಸಿದವಳು ನಾನು. ತರಬೇತಿಯ ಹಾಜರಿ ಹಾಳೆಯಲ್ಲಿ ಈ ಡ್ರೈವರ ಸಹಿಯೂ ಇದೆ.

ಮೂರನೆಯ ದಿನ ಅವರನ್ನು ನೋಡಲು ಅವಕಾಶ ಸಿಕ್ಕಿತು. ಚಾರ್ಮಾಡಿಯ ಬುಡದ ಊರಿನವರು, ಐವತ್ತರ ಹತ್ತಿರದ ವಯಸ್ಸು, ಕತಾರಿಗೆ ಬರುವ ಮೊದಲು ಹದಿನೈದು ವರ್ಷ ಆ ಘಾಟಿಯಲ್ಲೇ ಬಸ್ಸು ಓಡಿಸಿದವರು. ಅವರ ಮನೆಮಾತು ಬ್ಯಾರಿ, ನನ್ನದು ಕೊಂಕಣಿ, ಕನ್ನಡದಲ್ಲಿ ಮಾತಾಡಿಕೊಳ್ಳುತ್ತಿದ್ದೆವು. ಬೇರೆಯವರ ಎದುರು ನನ್ನನ್ನು ಮೇಡಂ ಎನ್ನುತ್ತಿದ್ದರು. ಯಾರೂ ಇಲ್ಲದಿದ್ದರೆ ನಮ್ಮ ಕಡೆ ಕ್ರಿಶ್ಚಿಯನ್ ಹೆಂಗಸರನ್ನು ಕರೆಯುವ ಹಾಗೆ ಬಾಯಮ್ಮ.

ಅವರು ಮೊದಲು ಕೇಳಿದ್ದು ಸತ್ತವನ ಮನೆಯವರಿಗೆ ತಿಳಿಸಿದರೋ ಎಂದು. ಆಮೇಲೆ ತಮ್ಮ ವಿಷಯಕ್ಕೆ ಬಂದರು.

"ಮೇಡಂ, ನಾಲ್ಕೂ ಇಂಡಿಕೇಟರ್ ಹಾಕಿದ್ದು ಯಾಕೆ ಅಂತ ಪೊಲೀಸಿನವರು ಕೇಳ್ತಾ ಇದ್ದಾರೆ. ನೀವೇ ಹೇಳಿದ್ದಲ್ವಾ?"

"ನಾನು ಹಾಗೆ ಹೇಳ್ಲಿಲ್ಲ. ನಿಲ್ಲಿಸಿದ ಮೇಲೆ ಹಾಕಿ ಅಂದದ್ದು."

ಅವರು ನನ್ನ ಮುಖವನ್ನೇ ನೋಡಿದರು. ವಾದಿಸುತ್ತಾರೆ ಎಂದುಕೊಂಡೆ.

"ಹೌದಾ," ಎಂದರು. "ಹಾಗಾದ್ರೆ ನನಗೇ ಮರ್ತದ್ದು."

ಅಷ್ಟು ಬೇಗ ಒಪ್ಪಿದ್ದು ನನಗೆ ಅನುಕೂಲವಾಯಿತು. ಹಾಗೆಂದು ಬರೆಯಲು ಈಗ ಕಷ್ಟವಾಗುತ್ತದೆ, ಆದರೂ ಅನುಕೂಲವೇ ಆಯಿತು. ವರದಿಯ ನಮೂನೆಯಲ್ಲಿ ಮೂಲ ಕಾರಣಕ್ಕೆ ಐದು ಚೌಕಗಳಿವೆ: ವ್ಯಕ್ತಿ, ವಾಹನ, ರಸ್ತೆ, ಹವಾಮಾನ, ತರಬೇತಿ. ಆ ಸಂಜೆ 'ವ್ಯಕ್ತಿ'ಗೆ ಗುರುತು ಹಾಕಿ ಕರಡನ್ನು ಮ್ಯಾನೇಜರಿಗೆ ಕಳಿಸಿದೆ. ಅದು ಹಾಗೇ ಪೊಲೀಸರಿಗೆ ಹೋಗಿದ್ದರೆ, ಕಂಪನಿಯ ನಿಯಮ ಮುರಿದು ಒಬ್ಬನನ್ನು ಕೊಂದವರು ಎಂಬ ಹೊರೆ ಪೂರ್ತಿ ಆ ಡ್ರೈವರ ತಲೆಗೆ ಬೀಳುತ್ತಿತ್ತು. ಜೈಲು ಖಂಡಿತ ಎಂದು ಕಂಪನಿಯ ವಕೀಲರು ಮೊದಲೇ ಹೇಳಿದ್ದರು. ಮ್ಯಾನೇಜರ್ ಜೋರ್ಡಾನಿನವನು, ಕೆಟ್ಟವನಲ್ಲ. ಓದಿ, ಚೆನ್ನಾಗಿದೆ, ಒಬ್ಬ ಸಾಕ್ಷಿಯ ಮಾತು ಸೇರಿಸಿ ಸಹಿ ಮಾಡು, ಖಲಾಸ್ ಎಂದ.

ಸಾಕ್ಷಿ ಹುಡುಕಿಕೊಂಡು ಮತ್ತೆ ಆ ಜಾಗಕ್ಕೆ ಹೋದೆ. ರಸ್ತೆಯ ಎಡಬದಿಗೆ ಒಂದು ತೋಟದ ಗೇಟು. ಸತ್ತವನು ಇನ್ನೂ ಉತ್ತರಕ್ಕಿರುವ ಒಂದು ಗಿಡಗಳ ನರ್ಸರಿಯಲ್ಲಿ ಕೆಲಸ ಮಾಡುತ್ತಿದ್ದ, ಮಲಗುವುದು ಮಾತ್ರ ಈ ತೋಟದ ಕೋಣೆಯಲ್ಲಿ. ಅವನ ಜೊತೆ ಕೋಣೆ ಹಂಚಿಕೊಂಡಿದ್ದ ತೋಟದ ಕೆಲಸಗಾರ ಸಿಕ್ಕಿದ. ಇಬ್ಬರೂ ನೇಪಾಳದವರು. ಹಿಂದಿಯಲ್ಲಿ ಮಾತಾಡಿದ. ನರ್ಸರಿಯ ಬಸ್ಸು ದಿನಾ ಆಚೆ ಬದಿಯಲ್ಲಿ ನಿಲ್ಲುತ್ತದಂತೆ. ಗೇಟಿನಿಂದ ನೋಡುತ್ತಿರುವುದು, ಕಿತ್ತಳೆ ದೀಪ ಮಿನುಗಿದರೆ ಬಸ್ಸು ನಿಂತಿತು ಎಂದರ್ಥ, ದಾಟಿ ಹೋಗಿ ಹತ್ತುವುದು. ಒಂದು ನಿಮಿಷಕ್ಕಿಂತ ಹೆಚ್ಚು ಆ ಬಸ್ಸು ಕಾಯುವುದಿಲ್ಲ. ನಾಲ್ಕು ವರ್ಷದಲ್ಲಿ ಅವನು ಒಂದು ದಿನವೂ ಬಸ್ಸು ತಪ್ಪಿಸಿಕೊಂಡಿಲ್ಲ.

ನಾಲ್ಕು ನಿಮಿಷದ ನಂತರ ಬಂದು, ಒಂದು ನಿಮಿಷ ನಿಂತು, ಹೊರಟುಹೋದ ದೀಪಗಳು ಯಾರಿಗಾಗಿ ಕಾದವು ಎಂದು ಆಗ ಗೊತ್ತಾಯಿತು. ಅವನು ಆ ಬಸ್ಸಿನಿಂದ ನಲವತ್ತು ಹೆಜ್ಜೆ ಮುಂದೆ ಬಿದ್ದಿದ್ದ.

ಅದರ ಮರುದಿನ, ಜೈಲಿನಲ್ಲಿದ್ದ ನಮ್ಮ ಡ್ರೈವರಿಗೆ ಬಟ್ಟೆಯನ್ನೂ ಸಕ್ಕರೆ ಕಾಯಿಲೆಯ ಮಾತ್ರೆಯನ್ನೂ ಒಯ್ಯಬೇಕಿತ್ತು. ಕ್ಯಾಂಪಿನ ಗೇಟಿಗೆ ಅವರ ಕೋಣೆಯ ಇನ್ನೊಬ್ಬ ಡ್ರೈವರು ಚೀಲ ಹಿಡಿದುಕೊಂಡು ಬಂದರು. ಮೂಡಬಿದ್ರೆ ಕಡೆಯ ತುಳುವರು, ಮಾತಿನಲ್ಲಿ ಚುರುಕು. ಚೀಲ ಕೊಡದೆ ಹಿಡಿದುಕೊಂಡೇ ನಿಂತರು.

"ನೀವು ಹೇಳ್ಲೇ ಇಲ್ಲ ಅಂದ್ರಂತೆ."

ನಿಯಮ ಏನಿದೆಯೋ ಅದನ್ನೇ ಹೇಳಿದ್ದೇನೆ, ಬೇಕಾದರೆ ಹಿಂದಿಯ ಸಂದೇಶ ಈಗಲೂ ಗುಂಪಿನಲ್ಲಿದೆ ಎಂದೆ.

"ಹಿಂದಿಯದ್ದು ಬಿಡಿ ಬಾಯಮ್ಮ. ಅದು ಊರಿಗೆಲ್ಲ. ನಮಗೆ ಬೇರೆ ಹಾಕಿದ್ರಲ್ಲ. ನೀವು ರೇಡಿಯೋದವರ ಹಾಗೆ. ಹೇಳಿ ನೀವು ಮರೀತೀರಿ, ಇಟ್ಟುಕೊಳ್ಳುದು ನಾವು."

ನಮ್ಮ ಕಡೆಯ ಏಳು ಡ್ರೈವರುಗಳಿಗೆ ಒಂದು ಸಣ್ಣ ಗುಂಪಿತ್ತು. ಹಬ್ಬದ ಶುಭಾಶಯ, ಊರಿನ ಸುದ್ದಿ, ಯಾರದೋ ಮದುವೆಯ ಫೋಟೋ. ನನ್ನನ್ನೂ ಸೇರಿಸಿಕೊಂಡಿದ್ದರು. ನಾನು ಫೋನು ಬದಲಿಸಿದಾಗ ಅದರ ಹಳೆಯದೆಲ್ಲ ಹೋಗಿತ್ತು. ಮೂಡಬಿದ್ರೆಯವರು ತಮ್ಮ ಫೋನಿನಲ್ಲಿ ಉಳಿದಿದ್ದ ಹಳೆಯ ಸಂದೇಶ ಹಾಕಿ ನನ್ನ ಕಿವಿಯ ಹತ್ತಿರ ಹಿಡಿದರು.

"ಹಿಂದಿಯಲ್ಲಿ ಹೇಳಿದ್ದು ಕೇಳಿದ್ರಲ್ವಾ. ನಮ್ಮವರಿಗೆ ಇನ್ನೊಮ್ಮೆ ಹೇಳುದು. ನಾಳೆ ಮಂಜು ಉಂಟಂತೆ. ಹೆದರ್ಬೇಡಿ. ಚಾರ್ಮಾಡಿಯಲ್ಲಿ ಹೇಗೆ ಇಳಿಯುದು, ಹಾಗೆಯೇ. ನಾಲ್ಕೂ ಇಂಡಿಕೇಟರ್ ಹಾಕಿ, ಮೆಲ್ಲ ಬನ್ನಿ."

ಹಿಂದೆ ಕುಕ್ಕರಿನ ಸೀಟಿ. ಕೊನೆಯಲ್ಲಿ ಒಂದು ಸಣ್ಣ ನಗು. ಧ್ವನಿ ನನ್ನದೇ, ಕುಕ್ಕರೂ ನನ್ನದೇ. ಆ ನಗುವನ್ನು ಮಾತ್ರ ನಾನು ಗುರುತಿಸಲಿಲ್ಲ. ಯಾರೋ ನನ್ನ ಮನೆಯೊಳಗೆ ಬಂದು, ನನ್ನ ಗಂಟಲಿನಿಂದ ಮಾತಾಡಿ, ನಕ್ಕು ಹೋದ ಹಾಗಿತ್ತು. ಹಿಂದಿಯ ಸಂದೇಶ ಕಳಿಸಿದ್ದು ನೆನಪಿದೆ. ಕುರ್ಚಿ ಯಾವುದು, ಎದುರಿನ ಹಾಳೆ ಯಾವುದು ಎಂಬುದೂ ನೆನಪಿದೆ. ಇದರದ್ದು ಏನೂ ಇಲ್ಲ.

ಎಲ್ಲಿಂದ ಬಂತೆಂದು ಮಾತ್ರ ಗೊತ್ತು. ನನ್ನ ಪಪ್ಪ ಬಾಡಿಗೆ ಜೀಪು ಓಡಿಸುತ್ತಿದ್ದರು. ಚಾರ್ಮಾಡಿಯ ತಿರುವುಗಳಲ್ಲಿ ಮಂಜು ಕವಿದರೆ ಅವರೂ ಹಾಕುತ್ತಿದ್ದದ್ದು ಅದನ್ನೇ; ಎದುರಿನ ಲಾರಿಯೂ ಹಾಕಿರುತ್ತಿತ್ತು. ಅಲ್ಲಿ ಮಿನುಗುವ ದೀಪಕ್ಕೆ ನಾನು ಬರುತ್ತಿದ್ದೇನೆ ಎಂದು ಅರ್ಥ. ಘಾಟಿಯ ಆ ತಿರುವುಗಳಲ್ಲಿ ನಡೆದು ದಾಟುವವರು ಇರುವುದಿಲ್ಲ. ಹಿಂದಿಯಲ್ಲಿ ನಿಯಮ ಓದಿದವಳು, ನಮ್ಮವರೆಂಬ ಸಲಿಗೆಯಲ್ಲಿ, ಕನ್ನಡದಲ್ಲಿ ಪಪ್ಪನ ಜೀಪಿನ ಮಾತು ಹೇಳಿದ್ದೆ.

ಆ ಧ್ವನಿ ಸಂದೇಶವನ್ನು ನನ್ನ ಫೋನಿಗೆ ಕಳಿಸಿಕೊಂಡೆ. ಮೂರು ದಿನ ಏನೂ ಮಾಡಲಿಲ್ಲ. ಇಲ್ಲಿ ಒಂದು ಒಳ್ಳೆಯ ಕಾರಣ ಬರೆಯಬಹುದು. ಕಾರಣ ಇರಲಿಲ್ಲ. ಕನ್ನಡ ಬಲ್ಲವರು ಆಫೀಸಿನಲ್ಲಿ ನಾನೊಬ್ಬಳೇ ಎಂಬುದು ತಲೆಯಲ್ಲಿತ್ತು. ಡ್ರೈವರೇ ತಾನು ಮರೆತೆ ಎಂದು ಒಪ್ಪಿದ್ದರು. ಬೆಳಗ್ಗೆ ಎದ್ದರೆ ಮೊದಲು ನೆನಪಾಗುತ್ತಿದ್ದದ್ದು ಈ ಎರಡು ಸಂಗತಿ.

ನಾಲ್ಕನೆಯ ಬೆಳಗ್ಗೆ ಮತ್ತೆ ಮಂಜು ಕವಿಯಿತು. ಅಪಘಾತದ ಪುನರಭಿನಯ ನಮ್ಮ ಕಾರ್ಯವಿಧಾನದಲ್ಲಿದೆ, ಅದಕ್ಕೆ ಮೊದಲೇ ಅನುಮತಿ ತೆಗೆದಿಟ್ಟಿದ್ದೆ. ಮೂಡಬಿದ್ರೆಯವರು ಅದೇ ಮಾದರಿಯ ಖಾಲಿ ಬಸ್ಸು ತಂದರು. ಒಂದು ಕಿಲೋಮೀಟರು ಹಿಂದಿನಿಂದ, ಐವತ್ತೆರಡರ ವೇಗದಲ್ಲಿ, ನಾಲ್ಕೂ ಇಂಡಿಕೇಟರು ಹಾಕಿಕೊಂಡು ಬರಬೇಕು. ಗೇಟಿನ ಬಳಿ ನಿಲ್ಲಿಸದೆ ದಾಟಿ ಹೋಗಬೇಕು. ನಾನು ಗೇಟಿನ ಹತ್ತಿರ ಸತ್ತವನು ದಿನಾ ನಿಲ್ಲುತ್ತಿದ್ದ ಜಾಗದಲ್ಲಿ, ಪ್ರತಿಫಲಿಸುವ ಜಾಕೆಟ್ ಹಾಕಿಕೊಂಡು ನಿಂತೆ. ಜಾಗ ತೋರಿಸಿದ ತೋಟದ ಕೆಲಸಗಾರ ಪಕ್ಕದಲ್ಲಿದ್ದ. ಅಲ್ಲಿ ಮಣ್ಣು ಸವೆದು ಎರಡು ಪಾದದಷ್ಟು ತಗ್ಗಾಗಿತ್ತು. ನನ್ನ ಬೂಟು ಅದರೊಳಗೆ ಸರಿಯಾಗಿ ಕೂತಿತು.

ಫೋನಿನಲ್ಲಿ ಯಲ್ಲಾ, ಹೊರಡಿ ಎಂದೆ.

ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ಎರಡು ಕಿತ್ತಳೆ ಚುಕ್ಕೆಗಳು, ನೆಲಕ್ಕೂ ಸೇರದೆ ಆಕಾಶಕ್ಕೂ ಸೇರದೆ. ಆರಿದವು. ಮತ್ತೆ ಹೊತ್ತಿದವು. ಮೊದಲಿಗಿಂತ ದೊಡ್ಡದಾದವೇ ಎಂದು ನೋಡುವಷ್ಟರಲ್ಲಿ ಆರಿದವು. ಪ್ರತಿ ಸಲವೂ ಹೊಸದಾಗಿ ಹೊತ್ತುತ್ತಿದ್ದ ಕಾರಣ ಹಿಂದಿನದರ ಜೊತೆ ಹೋಲಿಸಲು ಆಗುತ್ತಿರಲಿಲ್ಲ. ಮಂಜು ಶಬ್ದವನ್ನೂ ಹೀರಿಕೊಂಡಿತ್ತು. ಹೆದ್ದಾರಿಯ ಗುಂಯ್ ಎಲ್ಲ ಕಡೆಯಿಂದಲೂ ಒಂದೇ ಸಮ ಬರುತ್ತಿತ್ತು. ಬಸ್ಸು ನಿಂತಿದೆ. ನಾನು ಕಾಯುತ್ತಿದ್ದ ಬಸ್ಸು. ಹಾಗೆ ಯೋಚಿಸಿದೆ ಎಂದಲ್ಲ, ಅದು ಹಾಗೇ ಇತ್ತು.

ಯಾರೋ ನನ್ನ ತೋಳು ಹಿಡಿದು ಜಗ್ಗಿದರು. ಬಸ್ಸು ಗಾಳಿ ಎಬ್ಬಿಸಿಕೊಂಡು ಎದುರಿಗೇ ಹೋಯಿತು. ಕೆಳಗೆ ನೋಡಿದರೆ ನನ್ನ ಎರಡೂ ಕಾಲು ಬಿಳಿ ಗೆರೆಯಿಂದ ಆಚೆ, ಡಾಂಬರಿನ ಮೇಲಿದ್ದವು. ಹೆಜ್ಜೆ ಇಟ್ಟದ್ದು ನನಗೆ ಗೊತ್ತಿಲ್ಲ. ತೋಟದ ಕೆಲಸಗಾರ ತೋಳು ಬಿಡಲಿಲ್ಲ.

"ದೀದಿ, ಅವನೂ ಹೀಗೇ," ಎಂದ ಹಿಂದಿಯಲ್ಲಿ.

ಬಸ್ಸು ತಿರುಗಿಸಿಕೊಂಡು ಬಂದ ಮೂಡಬಿದ್ರೆಯವರ ಮುಖ ಬಿಳಿಚಿತ್ತು. ನಾನು ರಸ್ತೆಯ ಬದಿಯಲ್ಲಿ ಕಂಡದ್ದೇ ಕೊನೆಯ ಘಳಿಗೆಯಲ್ಲಿ ಎಂದರು. ನಾನು ಅಲ್ಲಿ ನಿಂತಿರುತ್ತೇನೆ ಎಂದು ತಿಳಿದೇ ಬಂದವರು ಅವರು.

ಆ ದಿನವೇ ಕರಡನ್ನು ಹಿಂದಕ್ಕೆ ತೆಗೆದುಕೊಂಡೆ. 'ವ್ಯಕ್ತಿ'ಯ ಗುರುತು ಅಳಿಸಿ 'ತರಬೇತಿ'ಗೆ ಹಾಕಿದೆ. ಧ್ವನಿ ಸಂದೇಶ ಲಗತ್ತಿಸಿ, ಕನ್ನಡದಲ್ಲಿ ಅಕ್ಷರಶಃ ಬರೆದು, ಕೆಳಗೆ ಇಂಗ್ಲಿಷ್ ಅನುವಾದ ಕೊಟ್ಟು, ಮಾತಾಡಿದವರು ಎಂಬಲ್ಲಿ ನನ್ನ ಹೆಸರು ಬರೆದೆ. ಮ್ಯಾನೇಜರ್ ಸಂದೇಶವನ್ನು ಅರ್ಧ ಕೇಳಿ ನಿಲ್ಲಿಸಿದ. ಇದು ನಿನ್ನ ಭಾಷೆ, ಇಲ್ಲಿ ಬೇರೆ ಯಾರಿಗೆ ಬರುತ್ತದೆ ಎಂದು ಕೇಳಿದ. ಆಮೇಲೆ ಇಂಗ್ಲಿಷಿನಲ್ಲಿ ನಿಧಾನವಾಗಿ ಹೇಳಿದ: "ಇದರಲ್ಲಿ ಏನಿದೆ ಎಂದು ನಾನು ಕೇಳಿಲ್ಲ. ನೀನು ಹೇಳಿಯೂ ಇಲ್ಲ." ನನಗೆ ಒಂದು ದಾರಿ ಬಿಟ್ಟುಕೊಡುತ್ತಿದ್ದ. ನಾನು ಅನುವಾದವನ್ನು ಅವನ ಎದುರು ಗಟ್ಟಿಯಾಗಿ ಓದಿದೆ. ಓದಿದ ಮೇಲೆ ಅವನಿಗೂ ದಾರಿ ಇರಲಿಲ್ಲ.

ತನಿಖಾಧಿಕಾರಿಯ ಕೋಣೆಯಲ್ಲಿ ಆ ಸಂದೇಶವನ್ನು ಐದಾರು ಸಲ ಹಾಕಿದರು. ನಾನು ಇಂಗ್ಲಿಷಿನಲ್ಲಿ ಹೇಳುತ್ತಿದ್ದೆ, ಅನುವಾದಕ ಅರಬ್ಬಿಯಲ್ಲಿ. ಪ್ರತಿ ಸಲ ಕೊನೆಯ ನಗು ಬಂದಾಗ ಇಬ್ಬರೂ ಸುಮ್ಮನಾಗುತ್ತಿದ್ದೆವು, ಅದಕ್ಕೆ ಅನುವಾದ ಇರಲಿಲ್ಲ.

"ಚಾರ್ಮಾಡಿ ಏನು?" ಅಧಿಕಾರಿ ಕೇಳಿದ.

ನಮ್ಮ ಊರಿನ ಬೆಟ್ಟದ ರಸ್ತೆ ಎಂದೆ. ಅವನು ಬರೆದುಕೊಂಡು, ತಲೆ ಎತ್ತದೆ ಹೇಳಿದ:

"ಇಲ್ಲಿ ಬೆಟ್ಟ ಇಲ್ಲ."

ಪುನರಭಿನಯದ ಬಸ್ಸಿನ ವಿಡಿಯೋವನ್ನೂ ಕೊಟ್ಟೆ. ಅದಾದ ಎರಡು ವಾರಕ್ಕೆ ಡ್ರೈವರು ಜಾಮೀನಿನ ಮೇಲೆ ಹೊರಬಂದರು. ಪ್ರಕರಣ ಬೇಸಿಗೆಯವರೆಗೆ ನಡೆಯಿತು. ತಪ್ಪು ಒಬ್ಬರದಲ್ಲ ಎಂದಾಯಿತು. ಡ್ರೈವರಿಗೆ ಜೈಲುಶಿಕ್ಷೆ ವಿಧಿಸಿ ಅದನ್ನು ಅಮಾನತಿನಲ್ಲಿಟ್ಟರು, ಜೈಲಿಗೆ ಮರಳಬೇಕಾಗಲಿಲ್ಲ, ಲೈಸೆನ್ಸ್ ಹೋಯಿತು. ತೀರ್ಪಿನವರೆಗೆ ಅವರು ಯಾರ್ಡಿನಲ್ಲಿ ಬಸ್ಸು ತೊಳೆದರು. ಕಂಪನಿ ನನಗೆ ಲಿಖಿತ ಎಚ್ಚರಿಕೆ ಕೊಟ್ಟು ತರಬೇತಿಯಿಂದ ತೆಗೆಯಿತು. ಈಗ ನಿಯಮ ಓದುವುದು ಮೊದಲೇ ಮುದ್ರಿಸಿಟ್ಟ ಧ್ವನಿ, ಐದು ಭಾಷೆಯಲ್ಲಿ. ಕನ್ನಡ ಅದರಲ್ಲಿಲ್ಲ.

ಆ ಡ್ರೈವರು ಊರಿಗೆ ಹೊರಟ ಮಧ್ಯಾಹ್ನ ವಿಮಾನ ನಿಲ್ದಾಣಕ್ಕೆ ನಾನೇ ಕಾರಿನಲ್ಲಿ ಬಿಟ್ಟೆ. ದಾರಿಯಲ್ಲಿ ದೋಹಾ ಅಲ್ ಜದೀದಾದ ಅಂಗಡಿಯೊಂದರಲ್ಲಿ ಮಗಳಿಗೆಂದು ಏನೋ ಕೊಂಡರು, ಹೊರಟೆವು. ಹಿಂದಿನ ಸೀಟಿನಲ್ಲಿ ಪೆಟ್ಟಿಗೆಗಳ ನಡುವೆ ಮೂಡಬಿದ್ರೆಯವರು. ಪಕ್ಕದಲ್ಲಿ ಕೂತಿದ್ದ ಡ್ರೈವರ ಸಿಟ್ಟಿಗೋ ಕೃತಜ್ಞತೆಗೋ ನಾನು ತಯಾರಾಗಿದ್ದೆ ಎಂದು ಕಾಣುತ್ತದೆ. ಎರಡೂ ಬರದಿದ್ದಾಗ ನಾನೇ ಕ್ಷಮೆ ಕೇಳಿದೆ. ನನ್ನ ಮಾತಿನಿಂದ ಹೀಗಾಯಿತು ಎಂದೆ.

"ನೀವು ಹೇಳುದಕ್ಕೆ ಮೊದಲೂ ನಾನು ನಾಲ್ಕೂ ಇಂಡಿಕೇಟರ್ ಹಾಕ್ತಿದ್ದೆ," ಎಂದರು. "ಇಲ್ಲಿಗೆ ಬಂದ ವರ್ಷದಿಂದ."

ಸಿಗ್ನಲ್ ಹಸಿರಾಯಿತು, ಕಾರನ್ನು ಮುಂದಕ್ಕೆ ಬಿಟ್ಟೆ.

"ಅವನನ್ನು ಮೊದಲೇ ನೋಡಿದ್ದೆ ಬಾಯಮ್ಮ. ರಸ್ತೆಯ ಬದಿಯಲ್ಲಿ ಇದ್ದಾಗಲೇ. ಕೈ ಎತ್ತಿದ. ಬಸ್ಸು ಕಂಡ್ರೆ ಕೈ ಎತ್ತುವವರು ಎಷ್ಟು ಜನ ಇಲ್ಲ. ನಾನೂ ಸ್ಟಿಯರಿಂಗಿನಿಂದ ಕೈ ಎತ್ತಿದೆ. ಆಗ ಬ್ರೇಕ್ ಹಾಕಿದ್ರೆ ನಿಲ್ತಿತ್ತು."

ಪೊಲೀಸರಿಗೆ ಹೇಳಿದಿರಾ ಎಂದು ಕೇಳಿದೆ.

"ನಿಮ್ಮ ವಾಯ್ಸ್ ಬಂದ ಮೇಲೆ ನನ್ನನ್ನು ಯಾರೂ ಏನೂ ಕೇಳ್ಲಿಲ್ಲ. ನಾನೂ ಹೇಳ್ಲಿಲ್ಲ. ನೀವು ಪೂರಾ ನಿಮ್ಮ ಮೇಲೆ ಹಾಕ್ಕೊಂಡು ಹೋಗ್ತೀರಿ, ಅದು ಆಗುದಿಲ್ಲ. ನನ್ನದು ನನಗಿರ್ಲಿ."

ಹಿಂದೆ ಮೂಡಬಿದ್ರೆಯವರು ಪೆಟ್ಟಿಗೆಯ ಹಗ್ಗವನ್ನು ಬಿಚ್ಚಿ ಮತ್ತೆ ಕಟ್ಟುತ್ತಿದ್ದರು. ವಿಡಿಯೋದ ಮೊದಲ ಮಿನುಗಿನಲ್ಲಿ ಆ ಕಂಬದಂಥದ್ದಕ್ಕೆ ಕೈ ಇತ್ತೇ? ಪ್ರಕರಣ ಮುಗಿದ ದಿನ ನನ್ನ ಪ್ರತಿಯನ್ನು ನಿಯಮದಂತೆ ಅಳಿಸಿದ್ದೆ. ಈಗ ನೆನಪಿಸಿಕೊಂಡರೆ ಕೈ ಇದೆ. ಅವರು ಹೇಳುವ ಮೊದಲು ಇತ್ತೋ ಇಲ್ಲವೋ ಹೇಳಲಾರೆ.

ವಿಮಾನ ನಿಲ್ದಾಣದವರೆಗೆ ನನ್ನ ಪಕ್ಕದ ಸೀಟಿನಲ್ಲಿ ಅವರು ಚೀಲವನ್ನು ಮಡಿಲಲ್ಲಿಟ್ಟುಕೊಂಡು ರಸ್ತೆಯನ್ನೇ ನೋಡುತ್ತಿದ್ದರು. ಪ್ರತಿ ಸಿಗ್ನಲಿನ ಬಳಿ, ಪ್ರತಿ ಪಾದಚಾರಿ ಪಟ್ಟೆಯ ಬಳಿ, ನಾನು ಬ್ರೇಕು ಹಾಕುವುದಕ್ಕೆ ಎಷ್ಟೋ ಮೊದಲೇ, ಅವರ ಬಲಗಾಲು ಕೆಳಗಿನ ಬರಿಯ ಮ್ಯಾಟನ್ನು ಗಟ್ಟಿಯಾಗಿ ಒತ್ತುತ್ತಿತ್ತು.